ಮಕ್ಕಳನ್ನು ಬಚ್ಚಿಟ್ಟ ದಿನ

ಲಕ್ಷ್ಮೇಶ್ವರದ ಹಳೆಯ ಪೇಟೆಯಲ್ಲಿ ನಿಂತು ‘ಮಾಸ್ತರರ ಮನೆ ಎಲ್ಲಿ’ ಎಂದು ಕೇಳಿ ನೋಡಿ. ಊರಿನಲ್ಲಿ ಮಾಸ್ತರರಿಗೇನೂ ಬರವಿಲ್ಲ, ಓಣಿಗೆ ಇಬ್ಬರು ಸಿಗುತ್ತಾರೆ. ಆದರೂ ಯಾವ ಮಾಸ್ತರರು ಎಂದು ಯಾರೂ ತಿರುಗಿ ಕೇಳುವುದಿಲ್ಲ. ಸೀದಾ ಕೈ ತೋರಿಸುತ್ತಾರೆ. ಮಣ್ಣಿನ ಮಾಳಿಗೆ, ಕಟ್ಟಿಗೆ ಕಂಬಗಳ ಕಟ್ಟೆ, ನೀಲಿ ಬಾಗಿಲು. ಪುಂಡಲೀಕಪ್ಪ ಮಾಸ್ತರರು ತೀರಿಕೊಂಡು ಮೂವತ್ತು ವರ್ಷವಾಯಿತು, ಮನೆ ಮಾತ್ರ ಈಗಲೂ ಅವರದೇ.

ಮಾಸ್ತರರು ಮಕ್ಕಳಿಗಾಗಿ ಕಥೆ ಬರೆದವರು. ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ಓಣಿಯ ಮಕ್ಕಳನ್ನು ಪಡಸಾಲೆಯಲ್ಲಿ ಕೂಡ್ರಿಸಿ ಓದುತ್ತಿದ್ದರು. ಕೇಳುವವರಲ್ಲಿ ಇಬ್ಬರು ಆಕಳಿಸಿದರೆ ಮುಗಿಯಿತು, ಆ ಹಾಳೆ ನೇರ ಒಲೆಗೆ. ಧಾರವಾಡದ ಪಂಡಿತರೊಬ್ಬರು ಬಾಯ್ತುಂಬ ಹೊಗಳಿದ ಕಥೆಯನ್ನೂ ಹಾಗೆಯೇ ಸುಟ್ಟರಂತೆ, ಅದೇ ಬೆಂಕಿಯಲ್ಲಿ ಆ ಪಂಡಿತರಿಗೆ ಚಹಾ ಕಾಸಿ ಕೊಟ್ಟರಂತೆ. ಇದು ನಿಜವೋ ಸುಳ್ಳೋ ನಾನರಿಯೆ, ಊರವರು ಹೇಳುವಾಗ ನಗದೆ ಕೇಳಿದವರಿಲ್ಲ.

ಒಂದು ವರ್ಷ ಅವರ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ದಸರೆ ಮುಗಿದದ್ದೇ ಕಾಣೆಯಾದಳು. ತಂದೆತಾಯಿ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೊರಟವರು ಮಗಳನ್ನೂ ಒಯ್ದಿದ್ದರು. ಮುಂಗಾರಿಗೆ ತಿರುಗಿ ಬಂದಾಗ ಆಕೆ ತನ್ನ ಹೆಸರು ಬರೆಯುವುದನ್ನೂ ಮರೆತಿದ್ದಳು. ಮಾಸ್ತರರು ಆ ರಾತ್ರಿ ಊಟ ಮಾಡಲಿಲ್ಲವಂತೆ. ಮರುವರ್ಷ ಅವಳ ಅಪ್ಪನಿಗೆ, ‘ನೀವು ಎಲ್ಲಿಗೆ ಬೇಕಾದರೂ ಹೋಗ್ರಿ, ಕೂಸನ್ನ ನನ್ನ ಮನ್ಯಾಗ ಬಿಟ್ಟು ಹೋಗ್ರಿ’ ಎಂದರು. ಒಂದು ಕೂಸು ಐದಾಯಿತು, ಐದು ಹದಿನೈದಾಯಿತು, ಬರಬರುತ್ತ ಇಪ್ಪತ್ತೆರಡಾಯಿತು. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿ ತಾಂಡಾಗಳಿಂದ ದುಡಿಯಲು ಹೋಗುವವರೆಲ್ಲ ಮಕ್ಕಳನ್ನು ಇಲ್ಲಿ ಬಿಟ್ಟು ಗಾಡಿ ಹತ್ತತೊಡಗಿದರು. ಸಾಯುವ ಮುಂಚೆ ಮಾಸ್ತರರು ಮನೆಯನ್ನೂ ಪುಸ್ತಕಗಳಿಂದ ಬರುವುದನ್ನೂ ಈ ಕೆಲಸಕ್ಕೇ ಬರೆದಿಟ್ಟರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಇದ್ದಿದ್ದರೆ ಈ ಇಪ್ಪತ್ತೆರಡು ಮಂದಿಯ ಗದ್ದಲದಲ್ಲಿ ಅವಕ್ಕೆ ಜಾಗವೂ ಸಿಗುತ್ತಿರಲಿಲ್ಲ.

ಈ ಇಪ್ಪತ್ತೆರಡು ಮಂದಿಗೆ ರೊಟ್ಟಿ ಬಡಿಯುವವಳು ರೇಣುಕವ್ವ. ಮಾಸ್ತರರ ಅಡಿಗೆಯಾಕೆ ಮಗಳ ಬಾಣಂತನಕ್ಕೆ ಹೋದಾಗ ಹದಿನೈದು ದಿನದ ಮಟ್ಟಿಗೆಂದು ಬಂದವಳು, ಬಂದು ಮೂವತ್ತನಾಲ್ಕು ವರ್ಷವಾಯಿತು. ಗಂಡ ತೀರಿದ್ದ, ಹಿಂದೆ ಮುಂದೆ ಯಾರೂ ಇರಲಿಲ್ಲ. ಓದು ಬರಹ ಸಹಿಯಷ್ಟೇ. ಆದರೆ ಮಾಸ್ತರರ ಅಷ್ಟೂ ಕಥೆ ಅವಳ ಬಾಯಲ್ಲಿದ್ದವು. ರೊಟ್ಟಿ ತಟ್ಟುತ್ತಲೇ ಹೇಳುವಳು, ಕಥೆಯ ರಾಕ್ಷಸ ಬಂದಾಗ ರೊಟ್ಟಿಯ ಮೇಲೆ ಎರಡು ಪೆಟ್ಟು ಹೆಚ್ಚು ಬೀಳುತ್ತಿದ್ದವು. ಮಕ್ಕಳು ಅವಳನ್ನು ಆಯಿ ಎನ್ನುತ್ತಿದ್ದರು.

ತೊಂದರೆ ಶುರುವಾದದ್ದು ಮಾಳಿಗೆಯಿಂದ. ಮಣ್ಣಿನ ಮಾಳಿಗೆಗೆ ವರ್ಷವರ್ಷವೂ ಮಳೆಗೆ ಮುಂಚೆ ಸವಳು ಮಣ್ಣು ಹಾಕಿ ತುಳಿಯಬೇಕು. ಆ ಕೆಲಸವನ್ನು ಮಕ್ಕಳೇ ಕುಣಿದು ಕುಪ್ಪಳಿಸಿ ಮಾಡಿಕೊಡುತ್ತಿದ್ದರು. ಆದರೆ ಕೆಳಗಿನ ತೊಲೆಗೇ ಗೆದ್ದಲು ಹತ್ತಿದರೆ ಮೇಲೆ ಕುಣಿದು ಏನು ಬಂತು? ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ನಡುಮನೆಯ ತೊಲೆ ಕರಕರ ಸದ್ದು ಮಾಡಿತು. ಮಕ್ಕಳನ್ನು ಪಡಸಾಲೆಗೆ ತಂದು ಮಲಗಿಸಿದರು. ಹೊಸ ತೊಲೆ ಹಾಕಿಸುವ ತಾಕತ್ತು ಟ್ರಸ್ಟಿಗೆ ಇರಲಿಲ್ಲ. ಟ್ರಸ್ಟು ಎಂದರೆ ಉಳಿದಿದ್ದವರೇ ಒಬ್ಬರು, ನಿವೃತ್ತ ಹೆಡ್‌ಮಾಸ್ತರು ದೇವೇಂದ್ರಪ್ಪ. ಮಾಸ್ತರರ ಶಿಷ್ಯರು, ಎಪ್ಪತ್ತೆಂಟರ ವಯಸ್ಸು, ಕೈ ನಡುಗಿದರೂ ಅಕ್ಷರ ಇನ್ನೂ ಮುತ್ತು.

ಸಾಹಿತಿಗಳ ಹಳೆಯ ಮನೆಗಳನ್ನು ಉಳಿಸುವ ಒಂದು ಸಮಿತಿ ಇದೆಯೆಂದೂ, ಅದರ ಕಚೇರಿ ಗದಗಿನಲ್ಲಿದೆಯೆಂದೂ ದೇವೇಂದ್ರಪ್ಪನವರಿಗೆ ಯಾರೋ ಹೇಳಿದರು. ಅವರು ಮೂರು ಪುಟದ ಅರ್ಜಿ ಬರೆದರು. ಐತಿಹಾಸಿಕ ಗೃಹ, ಕನ್ನಡ ಬಾಲಸಾಹಿತ್ಯದ ತವರು, ಕಾಷ್ಠಶಿಲ್ಪದ ಸೊಬಗು, ಹೀಗೆ ಒಂದಕ್ಕಿಂತ ಒಂದು ತೂಕದ ಮಾತು. ಮಕ್ಕಳ ಬಗ್ಗೆ ಮೂರನೇ ಪುಟದ ತುದಿಗೆ ಒಂದು ಸಾಲಿತ್ತು. ಓದಿ ಹೇಳಿದಾಗ ರೇಣುಕವ್ವನಿಗೆ ಇದು ತಾನು ದಿನಾ ಕಸ ಹೊಡೆಯುವ ಮನೆಯೇ ಎಂದು ಸಂಶಯ ಬಂತು.

ಸಂಕ್ರಮಣ ಮುಗಿದ ಮೇಲೆ ಉತ್ತರ ಬಂತು. ಬರುವ ಗುರುವಾರ ಪರಿಶೀಲನೆಗೆ ಬರುತ್ತೇವೆ.

ಇನ್ನು ಕೇಳಬೇಕೇ? ನಮ್ಮ ಕಡೆ ಮನೆಗೆ ದೊಡ್ಡ ಮಂದಿ ಬರುತ್ತಾರೆಂದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಪದ್ಧತಿಯೇ ಇಲ್ಲ. ಇದ್ದದ್ದನ್ನೆಲ್ಲ ಬಚ್ಚಿಟ್ಟು, ಇಲ್ಲದ್ದನ್ನೆಲ್ಲ ಕಡ ತಂದು ಇಡಬೇಕು. ಎದುರು ಮನೆಯ ಮುಮ್ತಾಜ ತನ್ನ ಮಗನ ಮದುವೆಯ ಸೋಫಾ ಕಳಿಸಿದಳು. ಅಂಗಡಿಯವರು ಖುರ್ಚಿ ಕೊಟ್ಟರು. ಯಾರೋ ಜಮಖಾನೆ, ಯಾರೋ ಹಿತ್ತಾಳೆಯ ದೀಪದ ಸಮೆ. ಅಂಗಳದ ತುಂಬ ಹಗ್ಗದ ಮೇಲೆ ಒಣಗುತ್ತಿದ್ದ ಚಡ್ಡಿ, ಲಂಗಗಳನ್ನು ಬುಟ್ಟಿಗೆ ತುಂಬಿದರು. ಇಪ್ಪತ್ತೆರಡು ಟ್ರಂಕು, ಇಪ್ಪತ್ತೆರಡು ತಾಟು, ಕೌದಿಗಳ ಗುಡ್ಡ, ಎಲ್ಲವೂ ಮುಮ್ತಾಜಳ ಹಿತ್ತಲ ಕೋಣೆ ಸೇರಿದವು.

ಕೊನೆಗೆ ಉಳಿದದ್ದು ಮಕ್ಕಳು. ಅವರನ್ನು ಕಳಿಸುವ ಮಾತು ಎತ್ತಿದವಳು ರೇಣುಕವ್ವನೇ. ಇದನ್ನು ಆಕೆ ಮುಂದೆ ಸಾವಿರ ಸಲ ನೆನೆಸಿಕೊಂಡಳು. ಅವಳ ಭಯಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಎಲ್ಲಿಂದಲೋ ಒಬ್ಬ ಸಾಹೇಬ ಬಂದು ಮಕ್ಕಳ ತಲೆ ಎಣಿಸಿ, ಆಮೇಲೆ ಸಂಡಾಸು ಎಣಿಸಿದ್ದ. ತಲೆ ಇಪ್ಪತ್ತು, ಸಂಡಾಸು ಒಂದು. ಮುಚ್ಚಿಸಿಬಿಡುತ್ತೇನೆ ಎಂದು ಹಾರಾಡಿ ಹೋಗಿದ್ದ. ಅವನನ್ನು ತಣ್ಣಗೆ ಮಾಡಲು ದೇವೇಂದ್ರಪ್ಪನವರು ಆರು ತಿಂಗಳು ಅಡ್ಡಾಡಿದ್ದರು. ಕೊನೆಗೆ ಇನ್ನೊಂದು ಸಂಡಾಸು ಕಟ್ಟಿಸಿದರು. ಅಂದಿನಿಂದ ಎಣಿಸುವ ಸಾಹೇಬರೆಂದರೆ ರೇಣುಕವ್ವನಿಗೆ ಹೆದರಿಕೆ.

‘ಸರ, ಹುಡುಗೂರನ್ನ ಆವತ್ತೊಂದು ದಿನ ಎಲ್ಲೆರ ಕಳಸೂಣ್ರಿ,’ ಎಂದಳು. ‘ಇಷ್ಟ ಮಂದಿ ಕಂಡ್ರ ಮತ್ತ ಅದ ತಕರಾರ ತಗೀತಾರ. ಮನಿ ನೋಡಾಕ ಬರಾಕತ್ತಾರ, ಮನಿ ನೋಡಿಕೊಂಡು ಹೋಗ್ಲಿ.’

‘ಖರೆ ಐತಿ ನೀ ಹೇಳೂದು,’ ಎಂದರು ದೇವೇಂದ್ರಪ್ಪ. ‘ಮೊದಲ ತೊಲಿ ಆಗ್ಲಿ. ಆಮ್ಯಾಲ ಎಲ್ಲಾ ಹೇಳಿದ್ರಾತು.’

ಗುರುವಾರ ಮುಂಜಾನೆ ಮುಮ್ತಾಜಳ ಗಂಡ ಮರ್ದಾನಸಾಬ ತನ್ನ ಟೆಂಪೋದಲ್ಲಿ ಮಕ್ಕಳನ್ನೆಲ್ಲ ತುಂಬಿಕೊಂಡು ಮಾಗಡಿ ಕೆರೆಗೆ ಹಕ್ಕಿ ತೋರಿಸಲು ಹೊರಟ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಮಕ್ಕಳಿಗೆ ಹಬ್ಬ. ಎರಡನೇ ಇಯತ್ತೆಯ ಮಲ್ಲು ಹಕ್ಕಿಗಳಿಗೆಂದೇ ಎರಡು ರೊಟ್ಟಿ ಬೇರೆ ಕಟ್ಟಿಸಿಕೊಂಡ. ಎಲ್ಲರಲ್ಲಿ ದೊಡ್ಡವಳು ಮಹೆಕ, ಆರನೇ ಇಯತ್ತೆ. ಅವಳು ಟೆಂಪೋ ಹತ್ತುವ ಮೊದಲು ಒಮ್ಮೆ ಮನೆಯನ್ನು ತಿರುಗಿ ನೋಡಿ, ‘ಆಯಿ, ನಾವು ಇದ್ರ ಅವರು ಸಿಟ್ಟಾಗ್ತಾರೇನು?’ ಎಂದು ಕೇಳಿದಳು.

‘ಇಲ್ಲವ್ವಾ, ನೀವು ಹಕ್ಕಿ ನೋಡಿ ಬರ್ರಿ,’ ಎಂದಳು ರೇಣುಕವ್ವ.

ಹನ್ನೊಂದಕ್ಕೆ ಕಾರು ಬಂತು. ಇಳಿದವನು ಹೊನ್ನೇಶ ಎಂಬ ಅಧಿಕಾರಿ, ಮೂವತ್ತೈದು ದಾಟಿರಲಿಲ್ಲ. ಜೊತೆಗೆ ಫೋಟೋ ತೆಗೆಯುವ ಹುಡುಗಿ ಸುಶ್ಮಿತಾ. ರೇಣುಕವ್ವ ಎಣಿಸಿದಂಥ ಸಾಹೇಬ ಅಲ್ಲವೇ ಅಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ, ಮಾಸ್ತರರ ಫೋಟೋಕ್ಕೆ ಕೈ ಮುಗಿದ. ಮೂರನೇ ಇಯತ್ತೆಯಲ್ಲಿ ಮಾಸ್ತರರ ಕಥೆ ಪಾಠವಾಗಿತ್ತೆಂದು ಹೇಳಿ ಅದರ ಎರಡು ಸಾಲನ್ನೂ ಒಪ್ಪಿಸಿದ. ಒಂದು ಶಬ್ದ ತಪ್ಪಿತ್ತು, ರೇಣುಕವ್ವ ತಡೆಯಲಾರದೆ ತಿದ್ದಿದಳು. ಅವನು ಮನಸಾರೆ ನಕ್ಕ.

ಸಜ್ಜಕ, ಮಿರ್ಚಿ ಭಜಿ, ಚಹಾ. ತೊಲೆ ನೋಡಿದರು, ಕಂಬ ನೋಡಿದರು, ಬೆಳಕಿಂಡಿ ನೋಡಿದರು. ಸುಶ್ಮಿತಾ ಒಂದೊಂದು ಕೋಣೆಗೂ ಹೋಗಿ ಫೋಟೋ ತೆಗೆದಳು. ‘ಎಷ್ಟು ಸ್ವಚ್ಛ ಇಟ್ಟೀರಿ!’ ಎಂದು ಹೊಗಳಿದಳು. ಆ ಮನೆಯನ್ನು ಯಾರಾದರೂ ಸ್ವಚ್ಛವೆಂದು ಹೊಗಳಿದ್ದು ಮೂವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ರೇಣುಕವ್ವ ಉಬ್ಬಿದಳು. ಸುಳ್ಳೇಕೆ ಹೇಳಲಿ, ಉಬ್ಬಿಯೇ ಉಬ್ಬಿದಳು.

ಕೊನೆಗೆ ಹೊನ್ನೇಶ ಸೋಫಾದ ಮೇಲೆ ಕೂತು ಒಂದು ಫಾರಂ ತೆಗೆದ. ಕಟ್ಟಿದ ವರ್ಷ, ಕೋಣೆಗಳ ಸಂಖ್ಯೆ, ಬರೆದುಕೊಳ್ಳುತ್ತ ಬಂದ.

‘ಈಗ ಈ ಮನ್ಯಾಗ ಎಷ್ಟು ಮಂದಿ ಇರ್ತೀರವ್ವಾ?’

ರೇಣುಕವ್ವ ಪೆನ್ನಿನ ತುದಿ ನೋಡಿದಳು. ಪೆನ್ನು, ಫಾರಂ, ಎಷ್ಟು ಮಂದಿ. ಅದೇ ಪ್ರಶ್ನೆ.

‘ನಾ ಒಬ್ಬಾಕಿರಿ,’ ಎಂದಳು.

‘ಅರ್ಜಿಯೊಳಗ ಹುಡುಗೂರು ಇರ್ತಾವ ಅಂತ ಬರದಾರಲ್ಲ?’

‘ಮೊದಲ ಇರ್ತಿದ್ವುರಿ. ಈಗ ಯಾರೂ ಇಲ್ರಿ.’

ದೇವೇಂದ್ರಪ್ಪನವರು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದವರು ಒಂದು ಕ್ಷಣ ಕೈ ತಡೆದರು. ಬಾಯಿ ತೆರೆದರು. ಅವರಿಗೂ ಸಂಡಾಸಿನ ಸಾಹೇಬ ನೆನಪಾಗಿರಬೇಕು, ತೆರೆದ ಬಾಯಿಗೆ ಬಸಿ ಇಟ್ಟು ಚಹಾ ಕುಡಿದರು. ಹೊನ್ನೇಶ ಬರೆದುಕೊಂಡ. ಕೆಳಗೆ ರೇಣುಕವ್ವನ ಸಹಿ ಹಾಕಿಸಿದ. ಅವಳು ನಿಧಾನಕ್ಕೆ, ಚಂದಾಗಿ, ಮಾಸ್ತರರು ಕಲಿಸಿದ ಹಾಗೆಯೇ ಬರೆದಳು.

ಸಂಜೆ ಮಕ್ಕಳು ಬಂದಾಗ ಮನೆ ಮತ್ತೆ ಮನೆಯಾಯಿತು. ಮಲ್ಲು ನೂರರ ತನಕ ಹಕ್ಕಿ ಎಣಿಸಿ, ಮುಂದೆ ಬಾರದ್ದಕ್ಕೆ ಮತ್ತೆ ಒಂದರಿಂದ ಶುರು ಮಾಡಿದ್ದನಂತೆ. ಹಕ್ಕಿಗಳು ರೊಟ್ಟಿ ತಿನ್ನಲಿಲ್ಲವೆಂದು ಅವನಿಗೆ ಬೇಜಾರು. ಕೌದಿ ಹಾಸುತ್ತ ರೇಣುಕವ್ವ ಹಗುರಾಗಿ ನಕ್ಕಳು, ಗಂಡಾಂತರ ತಪ್ಪಿತೆಂದು.

ಒಂದು ತಿಂಗಳಿಗೆ ಒಪ್ಪಿಗೆ ಪತ್ರ ಬಂತು. ತೊಲೆ, ಮಾಳಿಗೆ, ಕಂಬ ಎಲ್ಲವನ್ನೂ ಸಮಿತಿಯೇ ಸರಿಪಡಿಸಿ ಮುಂದೆ ಮನೆಯನ್ನು ನೋಡಿಕೊಳ್ಳುವುದು. ದೇವೇಂದ್ರಪ್ಪನವರು ಕಟ್ಟೆಯ ಮೇಲೆ ಕೂತು ಒಂದೊಂದು ಕಲಮನ್ನೂ ಗಟ್ಟಿಯಾಗಿ ಓದಿದರು. ಏಳನೇ ಕಲಮಿಗೆ ಬಂದಾಗ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು: ಪರಿಶೀಲನೆಯ ದಿನ ಕಟ್ಟಡವು ಯಾವ ಉಪಯೋಗದಲ್ಲಿ ಇತ್ತೋ ಅದಕ್ಕೆ ಯಾವ ಧಕ್ಕೆಯೂ ಬಾರದಂತೆ ಮುಂದುವರಿಸುವುದು.

‘ಕೇಳಿದೇನ ರೇಣುಕವ್ವಾ? ಹೆಂಗ ನಡದಿತ್ತೋ ಹಂಗ ನಡೀತೈತಿ. ನಮ್ಮ ಹುಡುಗೂರನ್ನ ಇನ್ನ ಯಾರೂ ಕದಲ್ಸಾಕ ಬರೂದಿಲ್ಲ.’

ರೇಣುಕವ್ವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ದೇವೇಂದ್ರಪ್ಪನವರು ಸಹಿ ಮಾಡಿದರು. ಅವಳು ಅವತ್ತು ಮಕ್ಕಳಿಗೆ ಹೋಳಿಗೆ ಮಾಡಿದಳು. ಇಬ್ಬರಿಗೂ ಆ ಗುರುವಾರ ನೆನಪಾಗಲಿಲ್ಲ. ಒಬ್ಬರು ಶಾಲೆ ನಡೆಸಿದವರು, ಇನ್ನೊಬ್ಬಳು ಮನೆ ನಡೆಸಿದವಳು, ಇಬ್ಬರೂ ದಡ್ಡರಲ್ಲ. ಒಳ್ಳೆಯ ಸುದ್ದಿ ಬಂದಾಗ ಅದರ ಬೆನ್ನಿಗೆ ಏನಿದೆ ಎಂದು ಯಾರು ತಿರುವಿ ನೋಡುತ್ತಾರೆ?

ಯುಗಾದಿಗೆ ನಾಲ್ಕು ದಿನ ಇರುವಾಗ, ಮಕ್ಕಳ ಪರೀಕ್ಷೆ ನಡೆದಿದ್ದಾಗ ದೇವೇಂದ್ರಪ್ಪನವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು. ಕೈಯಲ್ಲಿ ಆದೇಶ. ಕೂಡ್ರಿ ಎಂದರೂ ಕೂಡ್ರಲಿಲ್ಲ. ನಿಂತೇ ಓದಿದರು. ಪರಿಶೀಲನೆಯ ದಿನ ಸದರಿ ಕಟ್ಟಡದಲ್ಲಿ ಉಸ್ತುವಾರಿಯ ಮಹಿಳೆ ಒಬ್ಬರೇ ಇದ್ದು, ಮಕ್ಕಳ ವಾಸ ಹಿಂದೆಯೇ ನಿಂತಿರುವುದು ಕಂಡುಬಂದಿದೆ. ಆದ್ದರಿಂದ ಏಳನೇ ಕಲಮಿನಂತೆ ಕಟ್ಟಡವನ್ನು ಲೇಖಕರ ಸ್ಮಾರಕವಾಗಿ, ಸಾರ್ವಜನಿಕರ ವೀಕ್ಷಣೆಗೆ ಮಾತ್ರ ಉಪಯೋಗಿಸತಕ್ಕದ್ದು. ಅಡುಗೆ, ವಸತಿ ನಿಷಿದ್ಧ. ಹದಿನೈದು ದಿನದೊಳಗೆ ಕೆಲಸ ಪ್ರಾರಂಭ.

ಓದಿ ಮುಗಿದ ಮೇಲೆ ಅವರು ಅವಳ ಮುಖ ನೋಡಲಿಲ್ಲ. ಅವಳೂ ನೋಡಲಿಲ್ಲ. ಒಲೆಯ ಮೇಲಿನ ಬೇಳೆ ಉಕ್ಕಿ ಬೆಂಕಿಗೆ ಸುರಿಯಿತು, ಯಾರೂ ಏಳಲಿಲ್ಲ.

ಮರುದಿನ ಪರೀಕ್ಷೆ ಇರಲಿಲ್ಲ. ರೇಣುಕವ್ವ ಮಹೆಕಳನ್ನೂ ಮಲ್ಲುವನ್ನೂ ಕರೆದುಕೊಂಡು ಗದಗಿನ ಬಸ್ಸು ಹತ್ತಿದಳು. ಮಕ್ಕಳನ್ನು ಕಣ್ಣಾರೆ ತೋರಿಸಿದರೆ ಮುಗಿಯಿತಲ್ಲ ಎಂಬುದು ಅವಳ ಲೆಕ್ಕ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ತಪ್ಪಾತು ಎನ್ನಬೇಕು, ಕಾಲು ಬೀಳಬೇಕು, ಬೇಕಾದರೆ ಜೈಲಿಗೆ ಹಾಕ್ರಿ ಎನ್ನಬೇಕು.

ಹೊನ್ನೇಶ ಎದ್ದು ನಿಂತು ಖುರ್ಚಿ ಕೊಟ್ಟ. ಮಕ್ಕಳಿಗೆ ಬಿಸ್ಕೀಟು ತರಿಸಿದ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖ ಬಾಡಿತು.

‘ಅವ್ವಾ, ಆವತ್ತ ಒಂದು ಮಾತು ಹೇಳಬಾರದಿತ್ತೇನು? ನಾನೂ ಮುಂಡರಗಿ ಕಡೆಯವ. ನನ್ನ ಜೋಡಿ ಓದಿದವರು ಎಷ್ಟ ಮಂದಿ ಹಿಂಗ ಶಾಲಿ ಬಿಟ್ಟು ಹೋದ್ರು ಅನ್ನೂದು ನನಗ ಗೊತ್ತೈತಿ. ಹುಡುಗೂರು ಅದಾವ ಅಂತ ನಾಕು ಅಕ್ಷರ ಬರದಿದ್ರ ಮುಗೀತಿತ್ತು.’

‘ಈಗ ಬರೀರಿ ಸಾಹೇಬ್ರ. ಇಲ್ಲೇ ಅದಾವಲ್ರಿ. ಮುಟ್ಟಿ ನೋಡ್ರಿ.’

ಹೊನ್ನೇಶ ಫೈಲು ತೆಗೆದು ಅವಳ ಮುಂದೆ ಇಟ್ಟ. ಫೋಟೋಗಳು. ಖಾಲಿ ನಡುಮನೆ, ಖಾಲಿ ಪಡಸಾಲೆ, ಖಾಲಿ ಅಂಗಳ, ಗೂಟಕ್ಕೆ ಒಂದು ಅಂಗಿಯೂ ಇಲ್ಲ. ಕೊನೆಗೆ ಅವಳ ಸಹಿ.

‘ಇದು ನನ್ನ ಕೈ ಬಿಟ್ಟು ಮ್ಯಾಲೆ ಹೋಗೇತ್ರಿ. ಮಂಜೂರಾತಿ ಬಂದೈತಿ. ಈಗ ನಾ ಮಕ್ಕಳಿದ್ರು ಅಂತ ಬರದ್ರ ಆವತ್ತ ಯಾಕ ಇಲ್ಲ ಅಂತ ಬರದಿ ಅಂತ ಕೇಳ್ತಾರ. ನೀವು ಸುಳ್ಳು ಹೇಳಿದ್ರಿ ಅಂದ್ರ, ಈಗ ಹೇಳೂದು ಖರೆ ಅಂತ ಹೆಂಗ ನಂಬೂದು ಅಂತಾರ. ಮರುಪರಿಶೀಲನೆಗೆ ಒಂದು ಅರ್ಜಿ ಕೊಡ್ರಿ, ನಾ ಕಳಸ್ತೀನಿ.’

‘ಯಾವಾಗ ಬರ್ತಾರ್ರಿ?’

‘ಆರು ತಿಂಗಳರ ಬೇಕು.’

‘ಅಷ್ಟರಾಗ ಕೆಲಸ ಶುರು ಆಗಿರ್ತೈತೆಲ್ಲರಿ. ಮಾಳಿಗಿ ಬಿಚ್ಚಿರ್ತಾರ. ಹುಡುಗೂರು ಎಲ್ಲಿ ಇರ್ತಾವ?’

ಹೊನ್ನೇಶ ಫೈಲು ಮುಚ್ಚಿದ. ಮತ್ತೆ ಬಂದವರು ಮತ್ತೆ ಖಾಲಿ ಮನೆಯನ್ನೇ ನೋಡುತ್ತಾರೆ. ಅವನು ಕೆಟ್ಟವನಾಗಿದ್ದರೆ ರೇಣುಕವ್ವ ಶಾಪ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು. ಆ ಸುಖವೂ ಇಲ್ಲದಂತಾಯಿತು. ಮಲ್ಲು ಬಿಸ್ಕೀಟಿನ ಅರ್ಧ ಪೊಟ್ಟಣವನ್ನು ಚಡ್ಡಿಯ ಜೇಬಿಗೆ ತುಂಬಿಕೊಳ್ಳುತ್ತಿದ್ದ, ಮನೆಯಲ್ಲಿ ಉಳಿದವರಿಗೆಂದು. ಬಸ್ಸಿನಲ್ಲಿ ಮಹೆಕ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು, ‘ಆಯಿ, ಆವತ್ತ ನಾವು ಕೆರಿಗೆ ಹೋಗಬಾರದಿತ್ತು.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತಮ್ಮದೇ ಎಂಬಂತೆ ಹೇಳಿದ್ದಳು. ರೇಣುಕವ್ವ ಸೆರಗು ಬಾಯಿಗೆ ಒತ್ತಿಕೊಂಡು ಶಿರಹಟ್ಟಿಗೆ ತಿರುಗುವ ಫಾಟಾ ದಾಟುವ ತನಕ ಅತ್ತಳು.

ದೇವೇಂದ್ರಪ್ಪನವರು ಮರುಪರಿಶೀಲನೆಗೆ ಅರ್ಜಿ ಬರೆದರು. ಈ ಸಲ ಮಕ್ಕಳ ಸಾಲು ಮೊದಲಿಗೇ ಇತ್ತು. ಮುತ್ತಿನಂಥ ಅಕ್ಷರ ಮಾತ್ರ ಕೆಟ್ಟಿತ್ತು. ಅದಕ್ಕೆ ಸ್ವೀಕೃತಿ ಬಂತು, ಮತ್ತೇನೂ ಬರಲಿಲ್ಲ.

ಪರೀಕ್ಷೆ ಮುಗಿಯುವ ತನಕ ಓಣಿಯವರು ಮಕ್ಕಳನ್ನು ಹಂಚಿಕೊಂಡರು. ಮುಮ್ತಾಜ ಏಳು ಮಂದಿಯನ್ನು ಇಟ್ಟುಕೊಂಡಳು. ಆಮೇಲೆ ಫೋನು ಹೋಗಿ ತಂದೆತಾಯಿ ಒಬ್ಬೊಬ್ಬರಾಗಿ ಬಂದರು. ಯಾರೂ ಜಗಳ ತೆಗೆಯಲಿಲ್ಲ, ಯಾಕೆಂದೂ ಕೇಳಲಿಲ್ಲ. ಇಷ್ಟು ದಿನ ಇಟ್ಟುಕೊಂಡಿರಿ, ನಿಮ್ಮ ಉಪಕಾರ ದೊಡ್ಡದು ಎಂದು ಕೈ ಮುಗಿದು ಟ್ರಂಕು ಹೊತ್ತುಕೊಂಡರು. ಬೈದಿದ್ದರೆ ಚಲೋ ಇತ್ತು ಎಂದುಕೊಂಡಳು ರೇಣುಕವ್ವ. ಮಲ್ಲು ಅಪ್ಪನ ಹೆಗಲ ಮೇಲೆ ಕೂತು, ‘ಆಯಿ, ದಸರಾಕ್ಕ ಬರ್ತೀನಿ, ನನ್ನ ತಾಟು ಯಾರಿಗೂ ಕೊಡಬ್ಯಾಡ’ ಎಂದು ಕೂಗಿ ಹೋದ. ಮಹೆಕಳನ್ನು ಒಯ್ಯಲು ಯಾರೂ ಬರಲಿಲ್ಲ. ಅವಳ ತಾಯಿ ತೀರಿಕೊಂಡಿದ್ದಳು, ತಂದೆಯ ಫೋನು ಹತ್ತಲಿಲ್ಲ. ಅವಳು ರೇಣುಕವ್ವನ ಜೊತೆ ಮುಮ್ತಾಜಳ ಹಿತ್ತಲ ಕೋಣೆಯಲ್ಲಿ ಉಳಿದಳು.

ಮನೆ ಮಾತ್ರ ಎಷ್ಟು ಚಂದವಾಯಿತು! ಹಾಗೆ ಹೇಳದಿದ್ದರೆ ನನ್ನ ನಾಲಿಗೆಗೆ ದೋಷ ಬರುತ್ತದೆ. ಸಾಗವಾನಿ ತೊಲೆ, ಎಣ್ಣೆ ಉಂಡ ಕಂಬ, ನೀರು ಇಳಿಯದ ಮಾಳಿಗೆ. ಮಾಸ್ತರರ ಮಂಚ, ಕೊಡೆ, ಕನ್ನಡಕ, ಪೆನ್ನುಗಳನ್ನು ಯಾರೂ ಮುಟ್ಟದಂತೆ ಸುತ್ತ ಹಗ್ಗ ಕಟ್ಟಿ ಅದರೊಳಗೆ ಇಟ್ಟರು. ಒಲೆಗೆ ಬೆಂಕಿ ಇಲ್ಲ, ಬದಲಿಗೆ ‘ಲೇಖಕರ ಅಡುಗೆಮನೆ’ ಎಂಬ ಹಲಗೆ ಬಂತು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಮಕ್ಕಳ ಮಿತ್ರ’ ಎಂದು ಬರೆಸಿದರು. ದಸರೆಗೆ ಉದ್ಘಾಟನೆಯಾಯಿತು, ದೇವೇಂದ್ರಪ್ಪನವರಿಗೆ ಶಾಲು ಹೊದಿಸಿದರು. ಅವರು ಅಂದು ಮನೆಗೆ ಹೋದವರು ಮತ್ತೆ ಆ ಓಣಿಗೆ ಬರಲಿಲ್ಲ. ರೇಣುಕವ್ವನಿಗೆ ಉಸ್ತುವಾರಿಯ ಕೆಲಸ ಕೊಟ್ಟರು, ಬೂದು ಬಣ್ಣದ ಸೀರೆ, ಬಾಗಿಲ ಬಳಿ ಸ್ಟೂಲು. ಬೇಡ ಎನ್ನಲು ಅವಳಿಗೆ ಬೇರೆ ಬದುಕು ಇರಲಿಲ್ಲ. ಮಹೆಕಳ ಶಾಲೆಯೂ ನಡೆಯಬೇಕಿತ್ತು.

ದೀಪಾವಳಿಯಾಗಿ ಒಂದು ವಾರ. ಮಧ್ಯಾಹ್ನ ಮೂರರ ಹೊತ್ತು. ಹೆಂಗಸೊಬ್ಬಳು ಎರಡು ಹೆಣ್ಣುಮಕ್ಕಳನ್ನು ಎರಡೂ ಕೈಯಲ್ಲಿ ಹಿಡಿದು ಓಡೋಡಿ ಬಂದಳು. ತಲೆಯ ಮೇಲೆ ಒಂದು ಹೊಸ ಟ್ರಂಕು.

‘ಮಾಸ್ತರ ಮನಿ ಇದ ಹೌದಲ್ರಿ? ನಾ ನಾಗರತ್ನಾರಿ, ಮುಂಡರಗಿ ಆಚೀಕಿನ ತಾಂಡಾದಾಕಿ. ನಮ್ಮ ಅಕ್ಕ ಶಿವಲಕ್ಷ್ಮಿ ಇಲ್ಲೇ ಇದ್ದು ಕಲ್ತಾಳ್ರಿ, ಈಗ ನರ್ಸ್ ಅದಾಳ. ನೀವ ಅಲ್ರಿ ಆಯಿ? ಅಕ್ಕ ನಿಮ್ಮ ಸುದ್ದಿ ಭಾಳ ಹೇಳತಿದ್ಳು. ಇವನ್ನ ನಿಮ್ಮ ಉಡ್ಯಾಗ ಹಾಕೀನಿ. ಗೋವಾದ ಗಾಡಿ ಸ್ಟ್ಯಾಂಡಿನ್ಯಾಗ ನಿಂತೈತ್ರಿ, ಐದು ಮಿನಿಟು ಅಂದಾರ.’

ರೇಣುಕವ್ವ ಸ್ಟೂಲಿನಿಂದ ಎದ್ದಳು.

‘ಈಗ ಇಟ್ಕೊಳ್ಳೂದಿಲ್ಲವ್ವಾ,’ ಎಂದಳು.

ನಾಗರತ್ನಾ ಟ್ರಂಕನ್ನು ಕಟ್ಟೆಯ ಮೇಲೆ ಇಳಿಸಿ ಒಳಗೆ ಇಣುಕಿದಳು. ಕನ್ನಡಿಯಂಥ ನೆಲ, ಖಾಲಿ ಪಡಸಾಲೆ, ಅದರಾಚೆ ಖಾಲಿ ನಡುಮನೆ.

‘ಜಾಗಾ ಇಲ್ಲೇನ್ರಿ?’

‘ಜಾಗಾ ಐತಿ.’

‘ಮತ್ತ?’

ರೇಣುಕವ್ವ ಏನು ಹೇಳಿಯಾಳು? ಕಲಮು ಹೇಳಲೇ, ಗುರುವಾರದ ಕಥೆ ಹೇಳಲೇ? ಐದು ಮಿನಿಟಿನಲ್ಲಿ ಯಾವುದು ಮುಗಿಯುತ್ತದೆ? ‘ನನ್ನ ಕೋಣ್ಯಾಗ ಒಂದು ಹುಡುಗಿ ಅದಾಳ. ಇನ್ನೊಂದನ್ನ ಹೆಂಗರ ಮಾಡಿ ಇಟ್ಕೋತೀನಿ. ಎರಡಕ್ಕ ಹಾಸಗಿಗೂ ಇಂಬಿಲ್ಲ,’ ಎಂದಳು.

ನಾಗರತ್ನಾ ಕಿರಿಯಳನ್ನು ನೋಡಿದಳು. ಆರು ವರ್ಷದ ಆ ಕೂಸು ಅಕ್ಕನ ಲಂಗದ ಚುಂಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡಿತ್ತು. ‘ಒಂದನ್ನ ಬಿಟ್ಟು ಒಂದನ್ನ ಹೆಂಗ ಒಯ್ಯಲ್ರಿ,’ ಎಂದಳು ಸಣ್ಣ ದನಿಯಲ್ಲಿ. ‘ಅಳ್ತಾವ್ರಿ.’ ಆಮೇಲೆ, ‘ಒಂದ್ಸಲ ಒಳಗ ನೋಡಿಕೊಂಡರ ಬರ್ಲಿ ಬಿಡ್ರಿ. ದೊಡ್ಡಮ್ಮ ಕಲ್ತ ಮನಿ ಅಂತ ಹಾದಿಯುದ್ದಕ ಹೇಳಿಕೊಂಡು ಬಂದೀನಿ.’

ಮಕ್ಕಳು ಒಳಗೆ ಹೋದರು. ಇರಲು ಬಂದ ಮಕ್ಕಳು ಹೇಗೆ ಹೋಗುತ್ತಾರೋ ಹಾಗೆಯೇ ಹೋದರು, ಮೂಲೆ ಮೂಲೆ ನೋಡುತ್ತ, ಎಲ್ಲಿ ಮಲಗುವುದು ಎಂದು ತಮ್ಮತಮ್ಮಲ್ಲೇ ಮಾತಾಡುತ್ತ. ಹಿರಿಯಳು ಹಗ್ಗ ಎತ್ತಿ ಒಳಗೆ ನುಸುಳಿ ಮಂಚದ ಮೇಲೆ ಕೂತಳು, ತಂಗಿಯನ್ನೂ ಎಳೆದು ಕೂಡ್ರಿಸಿಕೊಂಡಳು. ಹಾಸಿಗೆ ಮೆತ್ತಗಿದೆಯೇ ಎಂದು ಇಬ್ಬರೂ ಕೂತಲ್ಲೇ ಎರಡು ಸಲ ಕುಪ್ಪಳಿಸಿ ನಕ್ಕರು.

‘ಏಳ್ರಿ! ಅದನ್ನ ಮುಟ್ಟಬಾರದು!’

ಹಾಗೆಂದು ಕೂಗಿದವಳು ತಾನೇ ಎಂದು ರೇಣುಕವ್ವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಒಂದು ತಿಂಗಳು ಬಾಗಿಲಲ್ಲಿ ಕೂತು ಹೇಳಿ ಹೇಳಿ ಮಾತು ತನ್ನಷ್ಟಕ್ಕೆ ಹೊರಬಿದ್ದಿತ್ತು. ಮಕ್ಕಳು ಚಟ್ಟನೆ ಇಳಿದರು. ಹಿರಿಯಳು ತಾವು ಕೂತ ಜಾಗದ ಚಾದರವನ್ನು ಕೈಯಿಂದ ಸರಿಮಾಡಿ, ತಂಗಿಯ ಕೈ ಹಿಡಿದು ತಲೆ ತಗ್ಗಿಸಿ ಹೊರಗೆ ಬಂದಳು.

ಸ್ಟ್ಯಾಂಡಿನ ಕಡೆಯಿಂದ ಹಾರನ್ನು ಕೇಳಿಸಿತು. ನಾಗರತ್ನಾ ಟ್ರಂಕಿಗೆ ಕೈ ಹಾಕಿದಳು. ಅದನ್ನು ಮತ್ತೆ ತಲೆಗೆ ಏರಿಸುವ ಮುನ್ನ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

‘ಮಾಸ್ತರು ಪುಣ್ಯವಂತ್ರು ಬಿಡ್ರಿ ಆಯಿ. ಅವರ ಮನಿ ಎಷ್ಟು ಚಂದ ಇಟ್ಟಾರ.’

ಮೂವರೂ ಓಡುತ್ತ ಓಣಿ ತಿರುಗಿದರು. ರೇಣುಕವ್ವ ಕಟ್ಟೆಯ ತುದಿಯವರೆಗೆ ಹೋದಳು. ಅಲ್ಲೇ ನಿಂತು ಗಾಡಿ ಹೊರಟ ಸದ್ದು ಕೇಳಿದಳು. ಆಮೇಲೆ ಒಳಗೆ ಬಂದು, ಎಲ್ಲೂ ಒಂದು ಹನಿ ಸೋರದ ಆ ಮಾಳಿಗೆಯನ್ನು ಕತ್ತೆತ್ತಿ ನೋಡಿದಳು. ಆ ಹಳೆಯ ತೊಲೆ ಕರಕರ ಎಂದ ದಿನವೇ ಮುರಿದು ಮನೆಯೆಲ್ಲ ಕುಸಿದು ಬೀಳಬೇಕಿತ್ತು, ಬಯಲಲ್ಲಾದರೂ ಹುಡುಗರನ್ನು ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದೆ ಎನ್ನಿಸಿತು ಅವಳಿಗೆ. ಅಷ್ಟರಲ್ಲಿ ಬಾಗಿಲಲ್ಲಿ ಇನ್ನಾರೋ ನಿಂತು, ‘ನೋಡಾಕ ಬಿಡ್ತೀರೇನ್ರಿ?’ ಎಂದು ಕೇಳಿದರು. ‘ಬರ್ರಿ,’ ಎಂದಳು ರೇಣುಕವ್ವ, ‘ಐದರ ತನಕ ತಗದಿರ್ತೈತಿ.’